ಟ್ರಂಕಿನ ಎರಡನೆಯ ಕೀಲಿಕೈ

ಮಗ ಐದನೆಯ ತರಗತಿಯಲ್ಲಿ ಪ್ರವೇಶ ಪರೀಕ್ಷೆ ಬರೆದು ನವೋದಯ ವಿದ್ಯಾಲಯಕ್ಕೆ ಆಯ್ಕೆಯಾದಾಗ ಓಣಿಯವರೆಲ್ಲ ಬಂದು ಸಂತೋಷಪಟ್ಟರು. ಒಂದು ಶಾಲೆಯಲ್ಲಿ ಆರನೆಯ ತರಗತಿಗೆ ಹೆಚ್ಚೆಂದರೆ 80 ಸೀಟು. ಅವುಗಳಲ್ಲಿ ಕನಿಷ್ಠ ಶೇ. 75ರಷ್ಟು ಹಳ್ಳಿಯ ಮಕ್ಕಳಿಗೆ ಮೀಸಲು. ಊಟ, ವಸತಿ, ಪುಸ್ತಕಗಳಿಗೆ ಖರ್ಚಿಲ್ಲ. ಇಷ್ಟೆಲ್ಲ ಗೊತ್ತಿದ್ದರೂ ಹನ್ನೊಂದು ವರ್ಷದ ಹುಡುಗನನ್ನು ವಸತಿನಿಲಯದಲ್ಲಿ ಬಿಟ್ಟು ಬರುವ ದಿನ ನನಗೆ ಕೈಕಾಲೇ ಆಡಲಿಲ್ಲ. ಟ್ರಂಕಿನ ಬೀಗಕ್ಕೆ ಎರಡು ಕೀಲಿಕೈಗಳಿದ್ದವು. ಒಂದನ್ನು ಅವನ ಉಡದಾರಕ್ಕೆ ಕಟ್ಟಿ, ಇನ್ನೊಂದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿದೆ.

ಮೊದಲ ಸಲ ಫೋನ್ ಬಂದಾಗ ಅವನು ಹೇಳಿದ್ದು ಒಂದೇ ಮಾತು: "ಅವ್ವಾ, ಬಂದು ಕರ್ಕೊಂಡು ಹೋಗು." ನಾನೂ ಅತ್ತೆ. ಮರುವಾರ, ಅತ್ತದ್ದು ತಪ್ಪಾಯಿತೆಂದುಕೊಂಡು, ಧೈರ್ಯವಾಗಿರಬೇಕು, ಚೆನ್ನಾಗಿ ಓದಬೇಕು ಎಂದು ಬುದ್ಧಿ ಹೇಳಿದೆ. ಆಮೇಲಿನ ಕರೆಗಳಲ್ಲಿ ಅವನು "ಹ್ಞೂಂ" ಎಂಬುದರಾಚೆ ಏನನ್ನೂ ಹೇಳಲಿಲ್ಲ. ಅವನ ಅಳುವಿಗಿಂತ ಆ "ಹ್ಞೂಂ" ನನ್ನನ್ನು ಹೆಚ್ಚು ಹೆದರಿಸಿತು.

ಮುಂದಿನ ಭೇಟಿಯ ದಿನ ಶಾಲೆಯ ಬೇವಿನ ಮರದ ಕೆಳಗೆ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಟ್ಟು, "ದಸರಾ ರಜೆಯವರೆಗೆ ಇರು, ಆಗಲೂ ಬೇಡವೆನಿಸಿದರೆ ಊರಿನ ಶಾಲೆಗೇ ಸೇರಿಸುತ್ತೇವೆ" ಎಂದೆ. ಈ ಮಾತನ್ನು ಸಮಾಧಾನಕ್ಕಾಗಿ ಹೇಳುವುದು ಸುಲಭ, ನಿಜವಾಗಿ ಒಪ್ಪಿ ಹೇಳುವುದು ಕಷ್ಟ. ಸಿಕ್ಕ ಸೀಟನ್ನು ಬಿಟ್ಟರೆ ನೆಂಟರು ಏನೆನ್ನುತ್ತಾರೆ, ಮುಂದೆ ಅವನೇ ನಮ್ಮನ್ನು ದೂರಿದರೆ ಏನು ಮಾಡುವುದು ಎಂಬ ಅಳುಕನ್ನೆಲ್ಲ ನಾನೂ ನಮ್ಮ ಮನೆಯವರೂ ಹಿಂದಿನ ಹಲವು ರಾತ್ರಿ ಮಾತಾಡಿ ಮುಗಿಸಿಕೊಂಡ ಮೇಲೆಯೇ ಆ ಮಾತು ನನ್ನ ಬಾಯಿಂದ ಗಟ್ಟಿಯಾಗಿ ಬಂದದ್ದು. ಹಿಂದಿರುಗುವ ದಾರಿ ನಿಜವಾಗಿಯೂ ಇದೆಯೆಂದು ತಿಳಿದ ಮೇಲೆ ಮಗ ಅದನ್ನು ಮತ್ತೆ ಕೇಳಲಿಲ್ಲ. ದಸರೆಗೆ ಬಂದಾಗ ನಾನೇ ವಿಷಯ ತೆಗೆದೆ. "ಖೋಖೋ ತಂಡದಲ್ಲಿ ಇದ್ದೀನಿ, ಹೆಂಗ ಬರಲಿ?" ಎಂದ.

ಒಂಬತ್ತನೆಯ ತರಗತಿಯಲ್ಲಿ ಎರಡನೆಯ ಅಗಲಿಕೆ ಬಂತು. ನವೋದಯದಲ್ಲಿ ಆ ತರಗತಿಯ ಶೇ. 30ರಷ್ಟು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಕಳುಹಿಸುತ್ತಾರೆ. ಕನ್ನಡದ ಮಕ್ಕಳು ಹಿಂದಿ ನಾಡಿಗೆ, ಅಲ್ಲಿಯವರು ಇಲ್ಲಿಗೆ. ಪಟ್ಟಿಯಲ್ಲಿ ಇವನ ಹೆಸರಿತ್ತು. ಈ ಸಲ ಕಂಗೆಟ್ಟವರು ನಮ್ಮ ಮನೆಯವರು. ಅಲ್ಲಿಯ ಚಳಿ, ಎರಡು ದಿನದ ರೈಲು ಪ್ರಯಾಣ, ಗೊತ್ತಿಲ್ಲದ ಊಟ ಎಂದು ರಾತ್ರಿಯೆಲ್ಲ ಹೊರಳಾಡಿದರು. ನಾನು ಅವರಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಪಕ್ಕದಲ್ಲಿ ಎದ್ದು ಕುಳಿತೆ.

ಟ್ರಂಕನ್ನು ಮಗನೇ ತುಂಬಿದ. ಸ್ವೆಟರ್ ಅಡಿಗೆ, ಚಟ್ನಿಪುಡಿಯ ಡಬ್ಬಿ ಮೂಲೆಗೆ. ಕೀಲಿಕೈಯನ್ನು ಉಡದಾರಕ್ಕೆ ಕಟ್ಟಲು ಹೋದರೆ ನಕ್ಕು ಕಂಪಾಸ್ ಪೆಟ್ಟಿಗೆಯಲ್ಲಿ ಹಾಕಿಕೊಂಡ. ಇನ್ನೊಂದನ್ನೂ ಅವನ ಕೈಗೇ ಕೊಟ್ಟೆ. ಸ್ವಲ್ಪ ಹೊತ್ತು ನೋಡಿ, ದೇವರ ಜಗಲಿಯ ಪಕ್ಕದ ಮೊಳೆಗೆ ತಾನೇ ತೂಗುಹಾಕಿ, "ಇದು ನಿನ್ನ ಹತ್ತಿರಾನೇ ಇರಲಿ, ಅವ್ವಾ" ಎಂದ.