ಬಾಗಿಲು ಮಾತ್ರ ಉಳಿದ ಚರ್ಚು

ಮಗಳು ಓದುತ್ತಿರುವುದು ಇಟಲಿಯ ಸಿಸಿಲಿ ದ್ವೀಪದ ಕತಾನಿಯಾದಲ್ಲಿ. ಮೇ ತಿಂಗಳಲ್ಲಿ ಅವಳನ್ನು ನೋಡಲು ಹೋಗಿದ್ದೆ. "ಅಮ್ಮ, ನಿಂಗೆ ಒಂದು ಗುಡ್ಡದ ಊರು ತೋರಿಸ್ತೀನಿ" ಎಂದು ಒಂದು ಬೆಳಿಗ್ಗೆ ರಗೂಸಾದ ಬಸ್ ಹತ್ತಿಸಿದಳು.

ರಗೂಸಾ ಅಂದರೆ ಎರಡು ಊರು. ಮೇಲಿನ ಗುಡ್ಡದ ಮೇಲೆ ಹೊಸದು. ಕೆಳಗಿನ ದಿಣ್ಣೆಯ ಮೇಲೆ ಹಳೆಯದು, ಅದೇ ಇಬ್ಲಾ. ಗ್ರೀಕರು ಬರುವ ಮುಂಚೆಯೇ ಸಿಸಿಲಿಯಲ್ಲಿದ್ದ ಸಿಕೆಲ್ ಜನರ ಹಿಬ್ಲಾ ಎಂಬ ಊರಿನ ಹೆಸರದು. ಆ ಜನರಿಂದಲೇ ಸಿಸಿಲಿಗೂ ಹೆಸರು ಬಂದಿದ್ದಂತೆ.

1693ರ ಜನವರಿ 11ರಂದು ದೊಡ್ಡ ಭೂಕಂಪ ಆಯಿತು. ಆ ಸೀಮೆಯಲ್ಲೆಲ್ಲ ಸೇರಿ ಸುಮಾರು 60,000 ಜನ ಸತ್ತರು. ರಗೂಸಾದಲ್ಲಿ ಬದುಕುಳಿದವರ ನಡುವೆ ಜಗಳ ಶುರುವಾಯಿತು. ಇಲ್ಲೇ ಕಟ್ಟೋದಾ, ಬೇರೆ ಕಡೆ ಹೋಗೋದಾ? ಸಂತ ಯೋಹಾನರ ಚರ್ಚಿನವರು ಮೇಲಿನ ಗುಡ್ಡಕ್ಕೆ ಹೋದರು. ಸಂತ ಜಾರ್ಜರ ಚರ್ಚಿನವರು ಹಳೆಯ ಜಾಗ ಬಿಡಲಿಲ್ಲ. ಎರಡೂ ಊರು ಮತ್ತೆ ಒಂದಾಗಿದ್ದು 1926ರಲ್ಲಿ.

ಇದನ್ನು ಕೇಳುವಾಗಲೇ ನನ್ನ ಗಂಟಲು ಕಟ್ಟಿತ್ತು. ನಮ್ಮದೂ ಮುಳುಗಡೆ ಊರು. ಗೊರೂರಿನ ಹೇಮಾವತಿ ಅಣೆಕಟ್ಟೆ ಮುಗಿದಿದ್ದು 1979ರಲ್ಲಿ. ಊರು ಬಿಟ್ಟಾಗ ನನಗೆ ಏಳು ವರ್ಷ. ಹೋಗೋದಾ, ಇರೋದಾ ಅಂತ ಜಗಳ ಆಡುವುದಕ್ಕೂ ನಮಗೆ ದಾರಿ ಇರಲಿಲ್ಲ, ನೀರು ಬರ್ತಾ ಇತ್ತು.

ಇಬ್ಲಾದ ಈಗಿನ ಸಂತ ಜಾರ್ಜ್ ಚರ್ಚಿನ ನಕ್ಷೆ ರೊಸಾರಿಯೊ ಗಾಲ್ಯಾರ್ದಿ ಎಂಬವರದು. ಕೆಲಸ ಶುರುವಾಗಿದ್ದು 1739ರಲ್ಲಿ. ಉದ್ದನೆಯ ಮೆಟ್ಟಿಲುಗಳ ಮೇಲೆ ಚೌಕಕ್ಕೆ ಸ್ವಲ್ಪ ಓರೆಯಾಗಿ ನಿಂತಿದೆ. ಜೇನಿನ ಬಣ್ಣದ ಸುಣ್ಣಕಲ್ಲು. ನಮ್ಮ ಬೇಲೂರಿನ ಬಳಪದ ಕಲ್ಲಿನ ಹಾಗೆ ಅದೂ ಉಳಿಗೆ ಬಗ್ಗುವ ಕಲ್ಲು. ಸುತ್ತಲಿನ ಏಳು ಊರುಗಳ ಜೊತೆ ರಗೂಸಾ ಯುನೆಸ್ಕೋ ಪಟ್ಟಿಗೆ ಸೇರಿದ್ದು 2002ರಲ್ಲಿ. ನಮ್ಮ ಬೇಲೂರು, ಹಳೇಬೀಡು ಸೇರಿದ್ದು 2023ರಲ್ಲಿ.

ಚರ್ಚು ಚೆನ್ನಾಗಿದೆ, ನಿಜ. ಆದರೆ ನಾನು ನಿಂತುಬಿಟ್ಟಿದ್ದು ಅಲ್ಲಲ್ಲ. ಊರಿನ ಕೊನೆಗೆ, ತೋಟದ ಹತ್ತಿರ, ಭೂಕಂಪಕ್ಕೆ ಮುಂಚಿನ ಸಂತ ಜಾರ್ಜ್ ಚರ್ಚಿನ ಬಾಗಿಲೊಂದು ಉಳಿದಿದೆ. ಅಷ್ಟು ದೊಡ್ಡ ಚರ್ಚಿನಲ್ಲಿ ಆ ಕಲ್ಲಿನ ಬಾಗಿಲು ಮಾತ್ರ. ಕಮಾನಿನ ಕೆಳಗೆ ಕುದುರೆಯ ಮೇಲೆ ಸಂತ ಜಾರ್ಜ್ ಡ್ರ್ಯಾಗನ್ನನ್ನು ಕೊಲ್ಲುತ್ತಿದ್ದಾನೆ. ಮಳೆ ಗಾಳಿಗೆ ಮುಖ ಸವೆದಿದೆ. ಬೇಲೂರಿನಲ್ಲಿ ಸಿಂಹದ ಮೇಲೆ ಎರಗುವ ಸಳನನ್ನು ನೋಡಿ ಬೆಳೆದವಳು ನಾನು. ಇವನನ್ನೂ ಮೊದಲೇ ಎಲ್ಲೋ ನೋಡಿದ್ದೇನೆ ಅನ್ನಿಸಿತು.

ನಮ್ಮ ಊರು ಬಿಡುವಾಗ ಅಪ್ಪ ಹೆಂಚು ಇಳಿಸಿದರು, ತೊಲೆ ಇಳಿಸಿದರು. ಕೊನೆಗೆ ಬಾಗಿಲುವಾಡ ಕಿತ್ತರು. ಹಲಸಿನ ಮರದ್ದು. ಕೀಳುವಾಗ ಹೊಸ್ತಿಲು ಅಡ್ಡಕ್ಕೆ ಸೀಳಿತು. ಅಲ್ಲಿಯವರೆಗೂ ಅಳದಿದ್ದ ಅಜ್ಜಿ, ದಿನಾ ಅರಿಶಿನ ಕುಂಕುಮ ಇಟ್ಟ ಆ ಹೊಸ್ತಿಲನ್ನು ಸವರಿ ಅತ್ತಳು. ಅದನ್ನು ಅಲ್ಲೇ ಬಿಟ್ಟು ಬಂದೆವು. ಬಾಗಿಲುವಾಡ ಮಾತ್ರ ಹೊಸ ಮನೆಗೆ ಬಂತು, ಈಗಲೂ ಇದೆ. ಅದರ ಎಡಗಡೆ ನಾವು ಮಕ್ಕಳ ಎತ್ತರ ಗುರುತು ಮಾಡಿದ ಗೀರುಗಳಿವೆ. ನನ್ನದು ಏಳು ವರ್ಷದಲ್ಲಿ ನಿಂತಿದೆ. ಹೊಸ ಮನೆಯಲ್ಲಿ ಯಾರೂ ಗೀರು ಹಾಕಲಿಲ್ಲ.

ಶೆಟ್ಟಿಹಳ್ಳಿ ಚರ್ಚನ್ನು ನೀವೆಲ್ಲ ನೋಡಿರ್ತೀರಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ್ದು. ಮಳೆಗಾಲದಲ್ಲಿ ಅದೇ ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ಜನ ಫೋಟೋ ತೆಗೆಸಿಕೊಳ್ಳಲು ಹೋಗ್ತಾರೆ. ಅಪ್ಪ ಹೋಗ್ತಿದ್ದಿದ್ದು ಆ ಗೋಡೆಗಳನ್ನು ಗುರುತಿಟ್ಟುಕೊಂಡು ನಮ್ಮ ಮನೆ ಯಾವ ಕಡೆ ಇತ್ತು ಅಂತ ಹುಡುಕಲು.

ಇಬ್ಲಾದ ಬಾಗಿಲ ಮುಂದೆ ನಿಂತು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಹಾಸನದಲ್ಲಿ ಆಗ ಮಧ್ಯಾಹ್ನ. ಭೂಕಂಪದ ಕಥೆಯೆಲ್ಲ ಹೇಳಿದೆ. ಅಪ್ಪ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ಕೆಳಗೆ ತೋರ್ಸವ್ವ," ಅಂದರು. "ಹೊಸ್ತಿಲು ಐತಾ?"

ನಾನು ಫೋನನ್ನು ಕೆಳಗೆ ಹಿಡಿದೆ.