ಸಹಿಗಳ ಕಟ್ಟಿನ ಜೊತೆಗೆ ಬೇಕಾದದ್ದು

ಸಣ್ಣದೊಂದು ಸಮುದಾಯ ಸಂಗೀತ ಬಾನುಲಿ ಕೇಂದ್ರದಲ್ಲಿ ಪ್ರಸಾರದ ದಾಖಲೆಗಳನ್ನೂ ಸದಸ್ಯರ ಪಟ್ಟಿಯನ್ನೂ ನೋಡಿಕೊಳ್ಳುವುದು ನನ್ನ ಕೆಲಸ. ದೊಡ್ಡ ವಾಹಿನಿಗಳು ಮುಟ್ಟದ ಅಂಡರ್‌ಗ್ರೌಂಡ್ ಸಂಗೀತವನ್ನು, ಅಂದರೆ ಕಲಾವಿದರು ಸ್ವಂತ ಖರ್ಚಿನಲ್ಲಿ ಮನೆಯ ಕೋಣೆಯಲ್ಲೇ ಧ್ವನಿಮುದ್ರಿಸಿದ ಹಾಡುಗಳನ್ನು, ಇಪ್ಪತ್ತು ನಿಮಿಷ ಎಳೆಯುವ ವಾದ್ಯಪ್ರಯೋಗಗಳನ್ನು, ಕ್ಯಾಸೆಟ್ಟಿನಲ್ಲಷ್ಟೇ ಹೊರಬಂದು ಮರೆಯಾದ ತಂಡಗಳ ಸಂಗೀತವನ್ನು ನಾವು ಪ್ರಸಾರ ಮಾಡುತ್ತೇವೆ. ನಿರೂಪಕರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು.

ನಮ್ಮ ಪರವಾನಗಿಯ ನವೀಕರಣದ ಸಮಯಕ್ಕೆ ಸರಿಯಾಗಿ ಅದೇ ತರಂಗಾಂತರಕ್ಕೆ ಇನ್ನೊಬ್ಬರೂ ಅರ್ಜಿ ಹಾಕಿದರು. ಕೇಂದ್ರವನ್ನು ಉಳಿಸಿಕೊಳ್ಳಲು ನಾವು ಮಾಡಿದ ಮೊದಲ ಕೆಲಸ ಸಹಿ ಸಂಗ್ರಹ. ಸಂಗೀತ ಕಾರ್ಯಕ್ರಮಗಳ ಬಾಗಿಲಲ್ಲಿ, ಹಳೆಯ ಧ್ವನಿಮುದ್ರಿಕೆ ಮಾರುವ ಅಂಗಡಿಗಳಲ್ಲಿ ಜನರು ತಾವಾಗಿಯೇ ಬಂದು ಸಹಿ ಹಾಕಿದರು. ಆ ಹಾಳೆಗಳನ್ನು ಕಟ್ಟಿ ವಿಚಾರಣೆಗೆ ಒಯ್ದಾಗ ಅಧಿಕಾರಿ ಅವನ್ನು ಗೌರವದಿಂದಲೇ ಸ್ವೀಕರಿಸಿ, ಜನರಿಗೆ ನಿಮ್ಮ ಮೇಲೆ ಪ್ರೀತಿಯಿದೆ ಎಂಬುದು ತಿಳಿಯಿತು, ಆದರೆ ಪರವಾನಗಿ ಪಡೆಯುವಾಗ ನೀವು ಬರೆದುಕೊಟ್ಟ ಪ್ರಮಾಣದಲ್ಲಿ ಹೊಸ ಕಲಾವಿದರ ಸಂಗೀತವನ್ನು ಪ್ರಸಾರ ಮಾಡಿದ್ದಕ್ಕೆ ದಾಖಲೆ ಎಲ್ಲಿದೆ ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ನಾನು. ಪ್ರಸಾರದ ಪಟ್ಟಿಗಳಿದ್ದ ಕಂಪ್ಯೂಟರಿನ ಡಿಸ್ಕ್ ಅದಕ್ಕೂ ಮೊದಲೇ ಕೆಟ್ಟುಹೋಗಿತ್ತು. ನಾನು ಬೇರೆ ಕಡೆ ಪ್ರತಿ ಇಟ್ಟಿರಲಿಲ್ಲ. ವರ್ಷಕ್ಕೂ ಹೆಚ್ಚಿನ ಪಟ್ಟಿ ನನ್ನ ಅಜಾಗ್ರತೆಯಿಂದ ಇಲ್ಲವಾಗಿತ್ತು.

ದಾಖಲೆ ಸಲ್ಲಿಸಲು ನಮಗೆ ಕಾಲಾವಕಾಶ ಸಿಕ್ಕಿತು. ಅಂದು ರಾತ್ರಿಯೇ ನಾವು ಪ್ರಸಾರದಲ್ಲಿ ನಡೆದದ್ದನ್ನು ಮುಚ್ಚಿಡದೆ ಹೇಳಿ, ನಮ್ಮ ಕಾರ್ಯಕ್ರಮಗಳನ್ನು ಯಾರಾದರೂ ಧ್ವನಿಮುದ್ರಿಸಿಕೊಂಡಿದ್ದರೆ, ಬರೆದಿಟ್ಟುಕೊಂಡಿದ್ದರೆ ದಯವಿಟ್ಟು ತನ್ನಿರಿ ಎಂದು ಕೇಳಿಕೊಂಡೆವು. ಮೂರನೆಯ ದಿನ ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವ ಒಬ್ಬ ಮಹಿಳೆ ನಾಲ್ಕು ಉದ್ದನೆಯ ನೋಟುಬುಕ್ಕುಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಂದರು. ಪ್ರತಿ ಪುಟದಲ್ಲೂ ಅಡಿಕೋಲಿಟ್ಟು ಎಳೆದ ಮೂರು ಅಂಕಣಗಳಿದ್ದವು: ಗಂಟೆ, ಹಾಡು, ಹಾಡಿದವರು. ನಿರೂಪಕರು ಹೆಸರು ಹೇಳದೆ ಮುಂದೆ ಹೋದ ಕಡೆ ಅವರು ಗೆರೆಯನ್ನು ಖಾಲಿ ಬಿಟ್ಟು, ಮುಂದೆಂದೋ ಅದೇ ಹಾಡು ಮತ್ತೆ ಬಂದಾಗ ಬೇರೆ ಶಾಯಿಯಲ್ಲಿ ತುಂಬಿದ್ದರು. ಅಂಚಿನಲ್ಲಿ ಹಾಕಿದ ಸಣ್ಣ ಸೊನ್ನೆಗಳು, ಹಾಡು ಕೇಳಿದ ಮೇಲೆ ಅವರು ದುಡ್ಡು ಕೊಟ್ಟು ಕೊಂಡ ಧ್ವನಿಮುದ್ರಿಕೆಗಳ ಗುರುತು.

ಬೇರೆ ಕೇಳುಗರು ತಂದ ಧ್ವನಿಮುದ್ರಣಗಳ ಜೊತೆಗೂ ನಿರೂಪಕರ ಮನೆಗಳಲ್ಲಿ ಉಳಿದಿದ್ದ ಟಿಪ್ಪಣಿಗಳ ಜೊತೆಗೂ ಆ ಪುಟಗಳನ್ನು ಒಂದೊಂದಾಗಿ ತಾಳೆ ನೋಡುವುದರಲ್ಲಿ ಎರಡು ವಾರ ಕಳೆದವು. ಕಲಾವಿದರಿಂದಲೂ ನಾವು ಪತ್ರ ಕೇಳಿದೆವು. ಆದರೆ ಈ ಸಲ ಕೇಂದ್ರ ಉಳಿಯಲಿ ಎಂದಷ್ಟೇ ಬರೆಯಬೇಡಿ, ನಿಮ್ಮ ಹಾಡು ಯಾವಾಗ ಪ್ರಸಾರವಾಯಿತು, ಅದರಿಂದ ಏನಾಯಿತು ಎಂಬುದನ್ನು ಬರೆಯಿರಿ ಎಂದು ವಿನಂತಿಸಿಕೊಂಡೆವು. ಒಂದು ತಂಡದವರು, ತಮ್ಮ ಹಾಡು ಮೊದಲ ಸಲ ಪ್ರಸಾರವಾದ ವಾರದಲ್ಲೇ ತಮ್ಮ ಈಗಿನ ಡ್ರಮ್ ವಾದಕ ಕೇಂದ್ರಕ್ಕೆ ಫೋನು ಮಾಡಿ ತಮ್ಮ ವಿಳಾಸ ಪಡೆದುಕೊಂಡಿದ್ದನ್ನು ಬರೆದಿದ್ದರು. ನಮ್ಮ ಕೇಂದ್ರವಿಲ್ಲದಿದ್ದರೆ ಏನು ನಡೆಯುತ್ತಿರಲಿಲ್ಲ ಎಂಬುದನ್ನು ಆ ಒಂದು ಪುಟ ತೋರಿಸಿತು. ಸಾವಿರ ಸಹಿಗಳಿಂದ ಅದು ಸಾಧ್ಯವಿರಲಿಲ್ಲ.

ಸಹಿಗಳಿಗೆ ಬೆಲೆಯಿಲ್ಲ ಎಂದು ನಾನು ಹೇಳುತ್ತಿಲ್ಲ. ಬ್ರಿಟನ್ನಿನಲ್ಲಿ ಬಿಬಿಸಿ ಸಂಸ್ಥೆಯು ತನ್ನ 6 ಮ್ಯೂಸಿಕ್ ವಾಹಿನಿಯನ್ನು ಮುಚ್ಚುವ ಪ್ರಸ್ತಾವವನ್ನು 2010ರ ಮಾರ್ಚ್‌ನಲ್ಲಿ ಮುಂದಿಟ್ಟಾಗ ಕೇಳುಗರೂ ಕಲಾವಿದರೂ ದೊಡ್ಡ ಪ್ರಮಾಣದಲ್ಲಿ ಪ್ರತಿಭಟಿಸಿದರು, ಜುಲೈನಲ್ಲಿ ಸಂಸ್ಥೆಯ ಅಂದಿನ ಮೇಲ್ವಿಚಾರಣಾ ಮಂಡಳಿಯಾದ ಬಿಬಿಸಿ ಟ್ರಸ್ಟ್ ಆ ಪ್ರಸ್ತಾವವನ್ನು ತಿರಸ್ಕರಿಸಿತು. ಆ ತಿಂಗಳುಗಳಲ್ಲಿ ವಾಹಿನಿಯ ಕೇಳುಗರ ಸಂಖ್ಯೆಯೂ ಏರಿ ಹತ್ತು ಲಕ್ಷವನ್ನು ದಾಟಿತ್ತು ಎಂಬುದನ್ನು ನಾನು ಮುಖ್ಯವೆಂದು ಭಾವಿಸುತ್ತೇನೆ. ಕೂಗಿದ್ದಷ್ಟೇ ಅಲ್ಲದೆ ಜನ ಬಾನುಲಿಯನ್ನು ಹಚ್ಚಿ ಕೇಳಿದ್ದರು, ಅದು ಲೆಕ್ಕಕ್ಕೂ ಸಿಕ್ಕಿತು.

ಹಣದ ವಿಚಾರದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ಅಮೆರಿಕದ ಬರ್ಕ್‌ಲಿಯಲ್ಲಿ ಲೂಯಿಸ್ ಹಿಲ್ ಅವರ ಮುಂದಾಳತ್ವದಲ್ಲಿ 1949ರಲ್ಲಿ ಆರಂಭವಾದ ಕೆಪಿಎಫ್‌ಎ ಕೇಂದ್ರವು ಕೇಳುಗರ ವಂತಿಗೆಯನ್ನೇ ನಂಬಿತ್ತು. ಮರುವರ್ಷ ಹಣವಿಲ್ಲದೆ ಪ್ರಸಾರ ನಿಲ್ಲಿಸಿ, ಬೆಂಬಲಿಗರು ಹಣ ಕೂಡಿಸಿದ ಮೇಲೆ 1951ರಲ್ಲಿ ಮತ್ತೆ ಶುರುವಾಯಿತು. ನ್ಯೂಜೆರ್ಸಿಯ ಡಬ್ಲ್ಯುಎಫ್‌ಎಂಯು ಕೇಂದ್ರವನ್ನು ನಡೆಸುತ್ತಿದ್ದ ಅಪ್ಸಾಲಾ ಕಾಲೇಜು 1995ರಲ್ಲಿ ಮುಚ್ಚಿಹೋದರೂ, ಅಷ್ಟರೊಳಗೆ ಪರವಾನಗಿಯು ಸ್ವತಂತ್ರ ಸಂಸ್ಥೆಯೊಂದಕ್ಕೆ ವರ್ಗವಾಗಿದ್ದರಿಂದ ಕೇಂದ್ರ ಉಳಿಯಿತು, ಇಂದಿಗೂ ಕೇಳುಗರ ಹಣದಿಂದಲೇ ನಡೆಯುತ್ತಿದೆ. ಟ್ರಾನ್ಸ್‌ಮಿಟರಿನ ವಿದ್ಯುತ್ ಬಿಲ್ಲು, ಗೋಪುರದ ಬಾಡಿಗೆ, ಹಾಡುಗಳ ರಾಯಧನ ಪ್ರತಿ ತಿಂಗಳೂ ಬರುತ್ತವೆ. ಆದುದರಿಂದ ಸಂಕಟ ಬಂದಾಗ ಒಮ್ಮೆ ದೊಡ್ಡ ಮೊತ್ತ ಕೊಡುವವರನ್ನು ಹುಡುಕುವುದನ್ನು ಬಿಟ್ಟು, ತಿಂಗಳಿಗೆ ಸ್ವಲ್ಪವೇ ಕೊಡುವ ಸದಸ್ಯರನ್ನು ಸಂಕಟವಿಲ್ಲದ ದಿನಗಳಲ್ಲೇ ಸೇರಿಸಿಕೊಳ್ಳುವ ಕ್ರಮಕ್ಕೆ ನಾವು ಬಂದೆವು.

ಪರವಾನಗಿ ನವೀಕರಣಗೊಂಡಿತು, ದಾಖಲೆಗಳ ಬಗ್ಗೆ ಷರತ್ತೊಂದರ ಸಹಿತ. ಈಗ ಪ್ರತಿ ರಾತ್ರಿ ಪ್ರಸಾರ ಮುಗಿದ ಕೂಡಲೇ ಅಂದಿನ ಪಟ್ಟಿಯನ್ನು ಮುದ್ರಿಸಿ ಕಡತಕ್ಕೆ ಸೇರಿಸುತ್ತೇನೆ, ಇನ್ನೊಂದು ಪ್ರತಿಯನ್ನು ಕಟ್ಟಡದ ಹೊರಗೆ ಇಡುತ್ತೇನೆ.

ನೋಟುಬುಕ್ಕುಗಳನ್ನು ಹಿಂತಿರುಗಿಸುವಾಗ ಆ ಮಹಿಳೆ ಹಣವನ್ನಾಗಲೀ ಪ್ರಸಾರದಲ್ಲಿ ತಮ್ಮ ಹೆಸರನ್ನಾಗಲೀ ಬಯಸಲಿಲ್ಲ. ಇನ್ನೂ ಖಾಲಿ ಉಳಿದಿದ್ದ ಮೂರು ಗೆರೆಗಳನ್ನು ತುಂಬಿಕೊಡಲು ಸಾಧ್ಯವೇ ಎಂದು ಕೇಳಿದರು. ಹಳೆಯ ನಿರೂಪಕರನ್ನು ಕೂರಿಸಿಕೊಂಡು ಒಂದಿಡೀ ಮಧ್ಯಾಹ್ನ ಹುಡುಕಿದಾಗ ಎರಡು ಹಾಡುಗಳು ಸಿಕ್ಕವು. ಮೂರನೆಯದನ್ನು ಈಗಲೂ ಹುಡುಕುತ್ತಿದ್ದೇವೆ.