ಆ ನೆಲ ಇಲ್ದಿದ್ರೆ ಆ ಕಥೆ ಇಲ್ಲ

ಜೂನ್ 14, 2025, ಶನಿವಾರ

ರಾತ್ರಿ ‘ಹೆಲ್ ಆರ್ ಹೈ ವಾಟರ್’ ಮತ್ತೆ ನೋಡ್ದೆ. 2016ರ ಸಿನಿಮಾ, ಟೇಲರ್ ಶೆರಿಡನ್ ಬರ್ದಿದ್ದು, ಡೇವಿಡ್ ಮೆಕೆಂಜಿ ಡೈರೆಕ್ಷನ್. ಅಣ್ಣ ತಮ್ಮ ಇಬ್ರು ಪಶ್ಚಿಮ ಟೆಕ್ಸಾಸ್‌ನ ಸಣ್ಣಪುಟ್ಟ ಊರುಗಳಲ್ಲಿ ಬ್ಯಾಂಕ್ ದೋಚ್ತಾರೆ, ಇಬ್ರು ರೇಂಜರ್‌ಗಳು (ಟೆಕ್ಸಾಸ್ ರಾಜ್ಯದ ಪೊಲೀಸ್ರು) ಅವರ ಬೆನ್ನು ಹತ್ತುತಾರೆ, ಅಷ್ಟೇ ಕಥೆ. ಆದ್ರೆ ಇದನ್ನ ಬೇರೆ ಯಾವ ಊರಲ್ಲಿಟ್ರೂ ನಿಲ್ಲಲ್ಲ, ಯಾಕಂದ್ರೆ ಕಳ್ಳತನಕ್ಕೆ ಕಾರಣಾನೇ ಆ ನೆಲ.

ಮೊದಲ್ನೇ ಶಾಟ್ ನೋಡಿ, ಬೆಳಬೆಳಿಗ್ಗೆ ಬ್ಯಾಂಕ್ ಮುಂದೆ ಖಾಲಿ ಪಾರ್ಕಿಂಗ್, ಕ್ಯಾಮೆರಾ ನಿಧಾನಕ್ಕೆ ತಿರುಗ್ತಾ ತಿರುಗ್ತಾ ಗೋಡೆ ಮೇಲೆ ಯಾರೋ ಗೀಚಿರೋದನ್ನ ತೋರ್ಸಿ ಮುಂದಕ್ಕೆ ಹೋಗುತ್ತೆ, ಇರಾಕ್ ಯುದ್ಧಕ್ಕೆ ಮೂರು ಸಲ ಹೋಗ್ಬಂದ್ರೂ ನಮ್ಮಂಥೋರಿಗೆ ಬೇಲೌಟ್ ಇಲ್ಲ ಅಂತ. 2008ರಲ್ಲಿ ಸರ್ಕಾರ ದೊಡ್ಡ ಬ್ಯಾಂಕುಗಳನ್ನ ದುಡ್ಡು ಸುರಿದು ಉಳಿಸಿದ್ರ ಸಿಟ್ಟು ಅದು. ಆಮೇಲೆ ದಾರಿ ಉದ್ದಕ್ಕೂ ಸಾಲದ ಬೋರ್ಡುಗಳು, ಮುಚ್ಚಿದ ಅಂಗಡಿಗಳು, ಮಧ್ಯೆ ಎಣ್ಣೆ ಎತ್ತೋ ಪಂಪುಗಳು.

ಆ ಅಣ್ಣ ತಮ್ಮಂದಿರ ತಾಯಿ ತೀರ್ಕೊಂಡಿದಾರೆ, ರಾಂಚು, ಅಂದ್ರೆ ದನ ಸಾಕೋ ಜಮೀನು, ಅಡಮಾನದಲ್ಲಿ ಮುಳುಗಿ ಬ್ಯಾಂಕ್ ಪಾಲಾಗೋದ್ರಲ್ಲಿದೆ, ಅದೇ ನೆಲದಡಿ ಎಣ್ಣೆ ಸಿಕ್ಕಿದೆ. ತಮ್ಮ ಟೋಬಿ ಪ್ಲಾನ್ ಏನಪ್ಪಾ ಅಂದ್ರೆ, ಸಾಲ ಕೊಟ್ಟ ಬ್ಯಾಂಕಿನ ಬ್ರಾಂಚ್‌ಗಳನ್ನೇ ದೋಚೋದು, ಕೌಂಟರ್ ಡ್ರಾಯರಲ್ಲಿರೋ ಬಿಡಿ ನೋಟು ಮಾತ್ರ, ಕಟ್ಟು ಮುಟ್ಟಂಗಿಲ್ಲ, ಕಾರನ್ನ ಗುಂಡಿ ತೋಡಿ ಹೂಳೋದು, ದುಡ್ಡನ್ನ ಒಕ್ಲಹೋಮಾದ ಕ್ಯಾಸಿನೋದಲ್ಲಿ ಜೂಜಿನ ಬಿಲ್ಲೆ (ಚಿಪ್ಸ್) ಮಾಡಿ ಚೆಕ್ ಈಸ್ಕೊಂಡು ಅದೇ ಬ್ಯಾಂಕಿನ ಸಾಲ ತೀರ್ಸೋದು! ಎಂಥ ಲೆಕ್ಕ ನೋಡಿ.

ನಂಗೆ ತುಂಬಾ ಇಷ್ಟ ಆಗೋದು ಹೋಟ್ಲು ಸೀನು. ರೇಂಜರ್‌ಗಳು ಊಟಕ್ಕೆ ಕೂತ್ರೆ ವಯಸ್ಸಾದ ವೇಟ್ರೆಸ್ ಬಂದು ಏನು ಬೇಡ ಹೇಳಿ ಅಂತಾಳೆ, ಅಲ್ಲಿ ಟಿ-ಬೋನ್ ಸ್ಟೇಕು, ಆಲೂಗಡ್ಡೆ ಬಿಟ್ಟು ಬೇರೇನೂ ಇಲ್ಲ, ಜೋಳ ಬೇಡ್ವೋ ಬೀನ್ಸ್ ಬೇಡ್ವೋ ಅಷ್ಟೇ ಪ್ರಶ್ನೆ. 1987ರಲ್ಲಿ ನ್ಯೂಯಾರ್ಕಿನವನೊಬ್ಬ ಟ್ರೌಟ್ ಮೀನು ಕೇಳಿದ್ನಂತೆ, ಆ ಕೋಪ ಅವಳಿಗೆ ಇನ್ನೂ ಇಳ್ದಿಲ್ಲ. ಒಂದೇ ನಿಮಿಷದಲ್ಲಿ ಇಡೀ ಊರು ಗೊತ್ತಾಗ್ಬಿಡುತ್ತೆ. (ಶೂಟಿಂಗ್ ಆಗಿದ್ದು ಪಕ್ಕದ ನ್ಯೂ ಮೆಕ್ಸಿಕೊದಲ್ಲಿ, ಕ್ಲೋವಿಸ್, ಪೋರ್ಟೇಲ್ಸ್ ಕಡೆ. ಬಯಲು ಒಂದೇ ಆದ್ರಿಂದ ಎಲ್ಲೂ ಸುಳ್ಳು ಅನ್ಸಲ್ಲ.)

ಬ್ಯಾಂಕ್ ಎದುರು ಕೂತು ಕಾಯ್ತಾ ಅರ್ಧ ಕಮಾಂಚಿ (ಅಮೆರಿಕದ ಮೂಲನಿವಾಸಿ ಬುಡಕಟ್ಟು) ರೇಂಜರ್ ಆಲ್ಬರ್ಟೊ ಹೇಳ್ತಾನೆ, ನೂರೈವತ್ತು ವರ್ಷದ ಹಿಂದೆ ಇದೆಲ್ಲ ನಮ್ಮ ಹಿರೀಕರ ನೆಲ, ಈ ಊರೋರ ಅಜ್ಜಂದಿರು ಕಿತ್ಕೊಂಡ್ರು, ಈಗ ಇವರಿಂದ ಕಿತ್ಕೊಳ್ತಿರೋದು ಸೈನ್ಯ ಅಲ್ಲ, ಅಗೋ ಅದು ಅಂತ ಬ್ಯಾಂಕ್ ಕಡೆ ಕೈ ತೋರಿಸ್ತಾನೆ. ಇಡೀ ಸಿನಿಮಾ ಆ ಮಾತಲ್ಲಿದೆ. ಆಲ್ಬರ್ಟೊ ಮಾಡಿರೋದು ಗಿಲ್ ಬರ್ಮಿಂಗ್‌ಹ್ಯಾಮ್. ಸಿನಿಮಾಕ್ಕೆ ನಾಲ್ಕು ಆಸ್ಕರ್ ನಾಮಿನೇಷನ್ ಬಂತು, ಜೊತೆ ರೇಂಜರ್ ಪಾತ್ರ ಮಾಡಿದ ಜೆಫ್ ಬ್ರಿಡ್ಜಸ್‌ಗೂ ಬಂತು, ಇವನಿಗೆ ಬರ್ಲಿಲ್ಲ, ಅದು ನಂಗೆ ಇವತ್ತಿಗೂ ಬೇಜಾರೇ.